ಕಲ್ಲಿನ ಋಣ

ಪುರಾತನವಾದ ಪಟ್ಟಣವೊಂದನ್ನು ಮೋಟಾರು ಬಂಡಿಯಲ್ಲಿ ಕುಳಿತು ನೋಡುವವನಿಗೆ ಕಟ್ಟಡಗಳು ಕಾಣುತ್ತವೆ. ಕಾಲ್ನಡಿಗೆಯಿಂದ ನೋಡುವವನಿಗೆ ಕಲ್ಲುಗಳು ಕಾಣುತ್ತವೆ. ಬಂಡಿಯವನು ದ್ವಾರದ ಬಳಿ ಇಳಿದು, ಸ್ಥಳದ ಹೆಸರನ್ನೂ ಕಟ್ಟಿಸಿದವನ ಹೆಸರನ್ನೂ ಫಲಕದಲ್ಲಿ ಓದಿಕೊಂಡು ಮುಂದಿನ ದ್ವಾರಕ್ಕೆ ಸಾಗುತ್ತಾನೆ. ನಡೆಯುವವನಾದರೋ ಒಂದು ದ್ವಾರದಿಂದ ಇನ್ನೊಂದಕ್ಕೆ ಗೋಡೆಯ ಉದ್ದಕ್ಕೂ ಹೋಗಬೇಕಾಗುವುದರಿಂದ, ಒಂದು ಕಲ್ಲು ಇನ್ನೊಂದರಂತಿಲ್ಲವೆಂಬುದನ್ನೂ, ಒಂದರ ಮೈ ಒರಟಾಗಿದ್ದರೆ ಅದರ ಪಕ್ಕದ ಕಲ್ಲಿನ ಮೇಲೆ ಅರ್ಧ ಪದ್ಮ ಉಳಿದಿದೆಯೆಂಬುದನ್ನೂ ಕಾಣದೆ ಇರಲಾರನು. ಅರ್ಧ ಪದ್ಮವುಳ್ಳ ಕಲ್ಲನ್ನು ಯಾವ ಶಿಲ್ಪಿಯೂ ಕೋಟೆಯ ಗೋಡೆಗೆಂದು ಕಡೆದಿರಲಾರನಷ್ಟೆ. ಹಾಗಾದರೆ ಅದು ಎಲ್ಲಿಯದು? ಯಾರದು? ಮೊದಲನೆಯ ಪ್ರಶ್ನೆ ಚರಿತ್ರಕಾರರದು. ಎರಡನೆಯದು ಧರ್ಮವಿಚಾರಕ್ಕೆ ಸೇರಿದ್ದು. ಆ ಎರಡನೆಯದನ್ನು ಕುರಿತು, ಶ್ರೀರಂಗಪಟ್ಟಣವನ್ನು ನಿದರ್ಶನವಾಗಿಟ್ಟುಕೊಂಡು, ಕೆಲವು ಮಾತುಗಳನ್ನು ಈ ಪತ್ರಿಕೆಯ ವಾಚಕರ ಮುಂದಿಡಬೇಕೆಂದಿದ್ದೇನೆ.

ಶ್ರೀರಂಗಪಟ್ಟಣವು ಕಾವೇರಿಯ ಎರಡು ಕವಲುಗಳ ನಡುವಣ ದ್ವೀಪವೆಂಬುದನ್ನು ಎಲ್ಲರೂ ಬಲ್ಲರು. ಉದ್ದ ಸುಮಾರು ಮೂರು ಮೈಲಿ, ಅಗಲ ಒಂದು ಮೈಲಿ. ಪಶ್ಚಿಮದಲ್ಲಿ ಕೋಟೆ, ಅದರೊಳಗೆ ಶ್ರೀರಂಗನಾಥನ ಗುಡಿ. ಪೂರ್ವಕ್ಕೆ ಗಂಜಾಂ, ಹೈದರಾಲಿ ಟಿಪ್ಪುಗಳು ಮಲಗಿರುವ ಗುಂಬಜು. ತುದಿಯಲ್ಲಿ ಅಗಲಿದ ಕವಲುಗಳು ಮತ್ತೆ ಕೂಡುವ ಸಂಗಮ. ಬೆಳಗಿನ ತಂಪಿನಲ್ಲಿ ಹೊರಟರೆ, ಅರವತ್ತು ದಾಟಿದವನೂ ನಡುವೆ ಎರಡು ಕಡೆ ಕುಳಿತು ದಣಿವಾರಿಸಿಕೊಂಡು ಸಾಯಂಕಾಲದೊಳಗೆ ಇದನ್ನೆಲ್ಲ ನೋಡಿ ಮುಗಿಸಬಹುದು. ನೋಡಿ ಮುಗಿಸಬಹುದೆಂದೆನೇ ಹೊರತು ತಿಳಿದು ಮುಗಿಸಬಹುದೆಂದಲ್ಲ.

ಈ ದ್ವೀಪವು ಕಾಡಾಗಿದ್ದಾಗ, ಗಂಗರ ಕಾಲದಲ್ಲಿ, ಕ್ರಿ. ಶ. ೮೯೪ರಲ್ಲಿ, ತಿರುಮಲಯ್ಯನೆಂಬವನು ಇಲ್ಲಿ ರಂಗನಾಥನ ಗುಡಿಯನ್ನು ಕಟ್ಟಿಸಿದನೆಂದು ಹೇಳುತ್ತಾರೆ. ಆ ಮೊದಲ ಗುಡಿಯ ಕಲ್ಲುಗಳು ಹತ್ತಿರದ ಬಂಡೆಯಿಂದಲೇ ಬಂದಿರಬೇಕು. ಅವುಗಳ ಮಟ್ಟಿಗೆ ನಮ್ಮ ಪ್ರಶ್ನೆ ಹುಟ್ಟುವುದಿಲ್ಲ. ಪ್ರಶ್ನೆ ಹುಟ್ಟುವುದು ಆಮೇಲೆ. ೧೪೫೪ರಲ್ಲಿ ನಾಗಮಂಗಲದ ಹೆಬ್ಬಾರ ತಿಮ್ಮಣ್ಣನು ವಿಜಯನಗರದ ಅರಸನಿಂದ ದಣ್ಣಾಯಕ ಪದವಿಯನ್ನೂ ಅನುಮತಿಯನ್ನೂ ಪಡೆದು ಇಲ್ಲಿ ಕೋಟೆಯನ್ನು ಕಟ್ಟಿಸಿದನು. ದಕ್ಷಿಣಕ್ಕೆ ಐದು ಮೈಲಿಯ ಕಳಸವಾಡಿಯಲ್ಲಿದ್ದ ನೂರೊಂದು ಬಸದಿಗಳನ್ನು ಕೆಡವಿ ಆ ಸಾಮಗ್ರಿಯಿಂದ ರಂಗನಾಥನ ಗುಡಿಯನ್ನು ದೊಡ್ಡದು ಮಾಡಿಸಿದನು. ಇದು ರೈಸ್ ಮಹಾಶಯನ ಮೈಸೂರು ಗೆಜೆಟಿಯರಿನಲ್ಲಿ ದಾಖಲಾಗಿರುವ ವೃತ್ತಾಂತ. ನೂರೊಂದು ಎಂಬ ಎಣಿಕೆ ನಮ್ಮ ಜನರ ಮಾತಿನ ರೂಢಿಯದಾಗಿರಬಹುದು. ಮೂವತ್ತಾಗಿದ್ದರೂ, ಮೂರಾಗಿದ್ದರೂ, ಕೆಲಸದ ಸ್ವರೂಪವು ಬದಲಾಗುವುದಿಲ್ಲ. ಶ್ರೀವೈಷ್ಣವ ಭಕ್ತನು ಪ್ರದಕ್ಷಿಣೆ ಮಾಡುವಾಗ ಅವನ ಅಂಗಾಲಿಗೆ ತಾಗುವ ಚಪ್ಪಡಿಯು ಒಂದಾನೊಂದು ಕಾಲದಲ್ಲಿ ತೀರ್ಥಂಕರನ ಮುಂದೆ ಹಾಸಿದ್ದುದಾಗಿರಬಹುದು. ಎರಡು ಕಡೆಯೂ ಅದು ಭಕ್ತರ ಪಾದವನ್ನೇ ಹೊತ್ತಿತೆಂಬುದು ಕಲ್ಲಿಗೆ ಸಮಾಧಾನವಾದೀತು, ಬಸದಿಯನ್ನು ಕಳೆದುಕೊಂಡವರಿಗಲ್ಲ.

ಮುಂದೆ ೧೬೧೦ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಾದ ತಿರುಮಲನಿಂದ ಪಟ್ಟಣವನ್ನು ವಶಪಡಿಸಿಕೊಂಡರು. ಅಂದಿನಿಂದ ೧೭೯೯ರ ಮೇ ತಿಂಗಳ ೪ನೆಯ ತಾರೀಖಿನವರೆಗೆ ಇದೇ ರಾಜಧಾನಿ. ಹೈದರಾಲಿಯ ಮಗನಾದ ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನೂ ಅರಮನೆಯನ್ನೂ ಕೆಡವಿಸಿ, ಅವುಗಳ ಕಲ್ಲನ್ನು ಪಕ್ಕದ ದಿಣ್ಣೆಗೆ ಸಾಗಿಸಿ, ನಜರಬಾದೆಂಬ ಹೆಸರಿನಿಂದ ಹೊಸ ಕೋಟೆಯನ್ನು ಕಟ್ಟತೊಡಗಿದನು. ಅದು ಪೂರ್ತಿಯಾಗುವುದರೊಳಗೆ ಅವನ ಕಾಲವೇ ಮುಗಿಯಿತು. ೧೭೯೯ರಲ್ಲಿ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಪ್ರಾಪ್ತಿಯಾದಾಗ ಮೈಸೂರಿನಲ್ಲಿ ಕುಳ್ಳಿರಿಸುವುದಕ್ಕೆ ಅರಮನೆಯಿಲ್ಲದೆ ಚಪ್ಪರದಡಿಯಲ್ಲಿ ಪಟ್ಟಾಭಿಷೇಕ ನಡೆಯಬೇಕಾಯಿತು. ಆಮೇಲೆ ಅದೇ ಕಲ್ಲುಗಳನ್ನು ನಜರಬಾದಿನಿಂದ ಹಿಂದಕ್ಕೆ ಹೊರಿಸಿ ಹಳೆಯ ಸ್ಥಳದಲ್ಲಿ ಮತ್ತೆ ಕೋಟೆಯನ್ನೂ ಅರಮನೆಯನ್ನೂ ಕಟ್ಟಿದರು. ಹೋದ ದಾರಿಯಲ್ಲೇ ಹಿಂದಿರುಗಿದ ಈ ಕಲ್ಲುಗಳನ್ನು ಹೊತ್ತ ಕೂಲಿಕಾರರಲ್ಲಿ ಎರಡು ಸಲವೂ ಹೊತ್ತವರು ಕೆಲವರಾದರೂ ಇದ್ದಿರಬೇಕು. ಅವರು ಏನೆಂದುಕೊಂಡರೋ ಯಾರೂ ಬರೆದಿಡಲಿಲ್ಲ.

ಇನ್ನು ಟಿಪ್ಪುವಿನ ಅರಮನೆಗಳ ಗತಿ. ಅವನ್ನು ಗೆದ್ದವರು ಬಿಚ್ಚಿದರು, ಅವುಗಳ ತೇಗದ ತೊಲೆಗಳು ನೀಲಗಿರಿಯನ್ನು ಹತ್ತಿ, ೧೮೩೦ರ ಸುಮಾರಿನಲ್ಲಿ ಉದಕಮಂಡಲದ ಸಂತ ಸ್ಟೀಫನ್ನನ ಚರ್ಚಿನ ಮಾಡನ್ನು ಹೊತ್ತುವು, ಇಂದಿಗೂ ಹೊತ್ತಿವೆ. ಬಸದಿಯ ಕಲ್ಲು ವಿಷ್ಣುವಿನ ಗುಡಿಗೆ. ಹಿಂದೂ ಅರಸರ ಕೋಟೆಯ ಕಲ್ಲು ಮುಸಲ್ಮಾನ ಸುಲ್ತಾನನ ಕೋಟೆಗೆ. ಸುಲ್ತಾನನ ತೊಲೆ ಕ್ರೈಸ್ತರ ಪ್ರಾರ್ಥನಾಮಂದಿರಕ್ಕೆ. ಒಂದು ಮತದವರು ಮಾತ್ರ ಈ ಕೆಲಸ ಮಾಡಿದರೆಂದು ಹೇಳುವುದಕ್ಕೆ ಈ ಊರು ಯಾರಿಗೂ ಅವಕಾಶ ಕೊಡುವುದಿಲ್ಲ.

ಕಲ್ಲು ಮರಗಳಷ್ಟೇ ಅಲ್ಲ, ಮನುಷ್ಯರೂ ಹೀಗೆಯೇ ಸಾಗಿಸಲ್ಪಟ್ಟರು. ಗಂಜಾಂ ಪೇಟೆಯನ್ನು ತುಂಬುವುದಕ್ಕಾಗಿ ಶಿರಾ ಪಟ್ಟಣದಿಂದ ೧೨,೦೦೦ ಕುಟುಂಬಗಳನ್ನು ಬಲಾತ್ಕಾರವಾಗಿ ತರಿಸಿದರು. ಬುಕಾನನ್ ಎಂಬ ಪ್ರವಾಸಿ ವೈದ್ಯನು ಸುಲ್ತಾನನ ಕಾಲದಲ್ಲಿ ದ್ವೀಪದ ಜನಸಂಖ್ಯೆ ೧,೫೦,೦೦೦ ಇದ್ದಿರಬೇಕೆಂದು ಅಂದಾಜು ಮಾಡಿದನು. ತಾನು ಬಂದ ೧೮೦೦ರಲ್ಲಿ ಉಳಿದಿದ್ದುದು ೩೧,೮೯೫ ಮಾತ್ರವೆಂದು ಬರೆದನು. ಆಮೇಲೆ ಚಳಿಜ್ವರದ ದೆಸೆಯಿಂದ ದಂಡೂ ಬೆಂಗಳೂರಿಗೆ ಹೋಯಿತು. ಗಂಜಾಮಿನ ಬೀದಿಗಳಲ್ಲಿ ನಡೆಯುವಾಗ ಶಿರಾದ ಬರಿದಾದ ಬೀದಿಗಳನ್ನೂ ನೆನೆಯದಿದ್ದರೆ ನೋಟವು ಅರ್ಧವೇ ಆಯಿತೆಂದು ನನ್ನ ಭಾವನೆ.

ಉಪಾಧ್ಯಾಯವೃತ್ತಿಯಲ್ಲಿದ್ದಾಗ ನಾನು ಪ್ರತಿವರ್ಷವೂ ವಿದ್ಯಾರ್ಥಿಗಳನ್ನು ಈ ದ್ವೀಪಕ್ಕೆ ಕರೆದುಕೊಂಡು ಹೋಗಿ ನಡೆಯಿಸಿಯೇ ತೋರಿಸುತ್ತಿದ್ದೆನು. ಒಂದು ವರ್ಷ, ಆನೆಬಾಗಿಲಿನ ನೆರಳಿನಲ್ಲಿ ಮೇಲಿನ ವೃತ್ತಾಂತಗಳನ್ನೆಲ್ಲ ಕೇಳಿದ ಹುಡುಗನೊಬ್ಬನು, “ಮೇಷ್ಟ್ರೇ, ಹಾಗಾದರೆ ನಾವು ಯಾರ ಕಡೆ?” ಎಂದನು. ಉಳಿದ ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಈ ಹುಡುಗನು ಕೇಳಿದ್ದನ್ನೇ ದೊಡ್ಡವರು ಕೇಳದೆ, ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡು ಆಮೇಲೆ ಚರಿತ್ರೆಯನ್ನು ಓದುತ್ತಾರೆ. ಪಕ್ಷವನ್ನು ಮೊದಲು ಹಿಡಿದವನು ಲೆಕ್ಕವನ್ನು ತನಗೆ ಅನುಕೂಲವಾದ ವರ್ಷದಿಂದ ಆರಂಭಿಸುತ್ತಾನೆ. ಒಬ್ಬನ ಖಾತೆ ಮೈಸೂರು ಕೋಟೆಯನ್ನು ಕೆಡವಿದಂದು ತೆರೆಯುತ್ತದೆ. ಇನ್ನೊಬ್ಬನದು ೧೭೯೯ರ ಲೂಟಿಯಿಂದ. ೧೪೫೪ರಿಂದ ತೆರೆಯುವವರು ಅಪರೂಪ, ಏಕೆಂದರೆ ಆ ಸಾಲಗಾರನು ನಮ್ಮ ಮನೆಯವನೇ. ವ್ಯಾಪಾರದಲ್ಲಿ ಹೀಗೆ ಲೆಕ್ಕ ಬರೆದರೆ ಅದಕ್ಕೆ ಒಂದು ಹೆಸರುಂಟು. ಚರಿತ್ರೆಯಲ್ಲಿ ಬರೆದರೆ ಅಭಿಮಾನವೆಂದು ಕರೆಯುತ್ತೇವೆ.

ಕಲ್ಲು ಮೊದಲು ಯಾರದಾಗಿತ್ತೋ ಅವರಿಗೇ ಸೇರಬೇಕೆಂಬ ವಾದವಿದೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ‘ಮೊದಲು’ ಎಂಬುದು ಎಲ್ಲಿ ನಿಲ್ಲುತ್ತದೆ? ಮೈಸೂರಿಗೆ ಹಿಂದಿರುಗಿದ ಕಲ್ಲುಗಳಂತೆ ಎಲ್ಲವೂ ಹಿಂದಿರುಗಲಾರವು. ಕೋಟೆಯಿಂದ ಗುಡಿಗೆ, ಗುಡಿಯಿಂದ ಬಸದಿಗೆ, ಬಸದಿಯಿಂದ ಬಂಡೆಗೆ, ಬಂಡೆಯಿಂದ ಅದರ ಮೇಲೆ ಕುರಿ ಮೇಯಿಸುತ್ತಿದ್ದವನಿಗೆ ಎಂದು ಹೊರಟರೆ ತಾರ್ಕಿಕರು ಅನವಸ್ಥೆಯೆಂದು ಕರೆಯುವ ದೋಷವೇ ಗತಿ. ಒಂದನ್ನು ಹಿಂದಕ್ಕೆ ಕೊಡಲು ಇನ್ನೊಂದನ್ನು ಕೆಡವಬೇಕು. ಕೆಡವಿದ ಮೇಲೆ ಅಲ್ಲಿ ಸೊತ್ತು ಕಳೆದುಕೊಂಡವನೊಬ್ಬನು ಹೊಸದಾಗಿ ಹುಟ್ಟುತ್ತಾನೆ.

ಇದಕ್ಕೆ ವಿರುದ್ಧವಾದ ವಾದವೂ ಇದೆ: ಕಾಲವೇ ಒಡೆತನವನ್ನು ಅಳಿಸುತ್ತದೆ, ಐನೂರು ವರ್ಷಗಳ ಹಿಂದಿನದನ್ನು ಈಗ ಎತ್ತುವುದೇಕೆ ಎಂದು. ಇದಕ್ಕೆ ಧರ್ಮಶಾಸ್ತ್ರದಲ್ಲಿಯೂ ಆಧಾರವುಂಟೆಂದು ಕೆಲವರು ತಿಳಿದಿದ್ದಾರೆ. ಒಡೆಯನು ನೋಡುತ್ತಿದ್ದೂ ಆಕ್ಷೇಪಿಸದೆ ಇರುವಾಗ ಅನ್ಯನು ಭೂಮಿಯನ್ನು ಇಪ್ಪತ್ತು ವರ್ಷವೂ ಇತರ ಧನವನ್ನು ಹತ್ತು ವರ್ಷವೂ ಅನುಭವಿಸಿದರೆ ಒಡೆಯನಿಗೆ ಹಾನಿಯೆಂದು ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ಆದರೆ ನಮ್ಮ ಕಲ್ಯಾಣದಲ್ಲಿ ಕುಳಿತು ಆ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು, ಹಾನಿಯಾಗುವುದು ಅಷ್ಟು ಕಾಲದ ಫಲವೇ ಹೊರತು ಸ್ವತ್ವವಲ್ಲವೆಂದು ವ್ಯಾಖ್ಯಾನಿಸಿ ಬಲಾತ್ಕಾರದ ಭೋಗಕ್ಕೆ ಬಾಗಿಲು ಹಾಕಿದ್ದಾನೆ. ಅದಕ್ಕಿಂತಲೂ ಮುಖ್ಯವಾದುದು, ಮೂಲದಲ್ಲಿಯೇ ಹೇಳಿರುವ ಅಪವಾದಗಳು. ಅಡವಿಟ್ಟದ್ದು, ನಂಬಿ ಒಪ್ಪಿಸಿದ್ದು, ಬಾಲಕರ ಧನ, ಇವು ಎಷ್ಟು ಕಾಲ ಅನ್ಯರ ಕೈಯಲ್ಲಿದ್ದರೂ ಅನುಭವದಿಂದ ನಷ್ಟವಾಗತಕ್ಕವಲ್ಲ. ಹಳೆಯ ಕಟ್ಟಡಕ್ಕೆ ಇನ್ನೂ ಹುಟ್ಟಬೇಕಾದವರೂ ಹಕ್ಕುದಾರರಾದರೆ, ಅವರಿಗಿಂತ ಎಳೆಯ ಬಾಲಕರು ಯಾರಿದ್ದಾರೆ? ಅವರ ಪಾಲನ್ನು ತಿಮ್ಮಣ್ಣನೂ ಅನುಭವದಿಂದ ಅಳಿಸಲಾರನು, ಟಿಪ್ಪುವೂ ಅಳಿಸಲಾರನು, ನಾವೂ ಅಳಿಸಲಾರೆವು.

ಹಾಗಾದರೆ ಹಿಂದಿನವರ ಅಪರಾಧವನ್ನು ನಾವು ಹೊರಬೇಕೆ? ಇಲ್ಲಿಯೂ ಸ್ಮೃತಿಕಾರರ ವಿವೇಕವು ನಮ್ಮ ವೇದಿಕೆಗಳ ಮೇಲಣ ಭಾಷಣಗಳಿಗಿಂತ ಸೂಕ್ಷ್ಮವಾದುದು. ತಂದೆಯ ಸಾಲವನ್ನು ಮಗನು ತೀರಿಸಬೇಕು. ಅಜ್ಜನ ಸಾಲವನ್ನು ಮೊಮ್ಮಗನು ಬಡ್ಡಿಯಿಲ್ಲದೆ ತೀರಿಸಬೇಕು. ಆದರೆ ತಂದೆಯು ತೆರದೆ ಉಳಿಸಿದ ದಂಡವನ್ನು ಮಗನು ತೆರಬೇಕಾಗಿಲ್ಲ. ಸಾಲಕ್ಕೂ ದಂಡಕ್ಕೂ ಇರುವ ಈ ಭೇದವು ನಮ್ಮ ವಿಷಯಕ್ಕೆ ಬೀಗದ ಕೈಯಂತಿದೆ. ಶಿಕ್ಷೆಯು ಮಾಡಿದವನೊಡನೆ ಸುಡುಗಾಡಿಗೆ ಹೋಗುತ್ತದೆ. ಋಣವು ಮನೆಯಲ್ಲಿ ಉಳಿಯುತ್ತದೆ. ತಿಮ್ಮಣ್ಣನ ಮತದವರೆಂಬ ಕಾರಣದಿಂದ ಇಂದಿನ ಯಾವ ವೈಷ್ಣವನನ್ನೂ, ಸುಲ್ತಾನನ ಮತದವನೆಂಬ ಕಾರಣದಿಂದ ಗಂಜಾಮಿನ ಯಾವ ಮುಸಲ್ಮಾನನನ್ನೂ ದಂಡಿಸುವುದಕ್ಕೆ ಶಾಸ್ತ್ರವಿಲ್ಲ, ನ್ಯಾಯವೂ ಇಲ್ಲ.

ಋಣವಾದರೋ ಯಾರ ಮೇಲೆ? ಮತವನ್ನು ನೋಡಿ ಹಂಚುವುದೆ, ವಂಶವನ್ನು ನೋಡಿ ಹಂಚುವುದೆ? ಇದಕ್ಕೂ ಯಾಜ್ಞವಲ್ಕ್ಯನಲ್ಲಿ ಒಂದು ಮಾತುಂಟು: ಸತ್ತವನ ಆಸ್ತಿಯನ್ನು ಯಾರು ಕೈಗೊಂಡರೋ ಅವರಿಂದಲೇ ಸಾಲವನ್ನು ಕೊಡಿಸತಕ್ಕದ್ದು. ರಂಗನಾಥನ ಸನ್ನಿಧಿಯ ಮುಂದೆ ವಿಷ್ಣುವಿನ ಇಪ್ಪತ್ನಾಲ್ಕು ರೂಪಗಳನ್ನು ಕಡೆದ ಕಂಬಗಳನ್ನು ನೋಡಿ ಯಾರ ಕಣ್ಣು ತಣಿಯಿತೋ, ೧೭೮೭ರಲ್ಲಿ ಕಟ್ಟಿದ ದೊಡ್ಡ ಮಸೀದಿಯ ಮೀನಾರುಗಳ ಗೂಡುಗಳಿಂದ ಪಾರಿವಾಳಗಳು ಒಮ್ಮೆಲೇ ಏಳುವುದನ್ನು ಕಂಡು ಯಾರು ಬೀದಿಯಲ್ಲಿ ನಿಂತರೋ, ಪೂರ್ಣಯ್ಯನು ೧೮೦೪ರಲ್ಲಿ ಮುಗಿಸಿದ ಕಲ್ಲುಸೇತುವೆಯ ಮೇಲೆ ನಿಂತು ಯಾರು ಕಾವೇರಿಯನ್ನು ನೋಡಿದರೋ, ಅವರೆಲ್ಲರೂ ಆಸ್ತಿಯನ್ನು ಕೈಗೊಂಡವರೇ. ಕಾಲ್ನಡಿಗೆಯ ಪ್ರವಾಸಿಯು ತಾನು ಬಿಟ್ಟಿಯಾಗಿ ನೋಡಿ ಬಂದೆನೆಂದು ತಿಳಿದಿರಬಹುದು. ಆದರೆ ಪತ್ರಕ್ಕೆ ಅವನ ರುಜುವೂ ಬಿದ್ದಿದೆ.

ತೀರಿಸುವ ಬಗೆ ಯಾವುದೆಂಬುದು ಉಳಿದ ಪ್ರಶ್ನೆ. ಕಲ್ಲನ್ನೇ ಹಿಂದಕ್ಕೆ ಕೊಡಲಾಗದೆಂದು ಕಂಡೆವು. ಇದ್ದುದನ್ನು ಇದ್ದಂತೆ ಉಳಿಸುವುದೆನ್ನೋಣವೆಂದರೆ, ‘ಇದ್ದಂತೆ’ ಎಂಬ ಪದದಲ್ಲಿಯೂ ತೊಡಕಿದೆ. ೧೭೮೪ರ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ೧೭೮೦ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಇಂಗ್ಲಿಷರ ಸೋಲಿನ ಚಿತ್ರ. ೧೭೯೯ರ ಮುತ್ತಿಗೆಗೆ ಮೊದಲೇ ಅದನ್ನು ಅಳಿಸಿದ್ದರು. ಗೆದ್ದ ಮೇಲೆ ಅಲ್ಲಿ ವಾಸಮಾಡಿದ ಕರ್ನಲ್ ವೆಲ್ಲೆಸ್ಲಿಯು ತನ್ನವರ ಸೋಲನ್ನು ತಾನೇ ಮತ್ತೆ ಬರೆಯಿಸಿದನು. ಅದೂ ಮಾಸಿಹೋಗಲು, ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ, ಮೊದಲಿನದನ್ನು ಕಂಡು ನೆನಪಿಟ್ಟುಕೊಂಡಿದ್ದ ನಮ್ಮವನೇ ಆದ ಚಿತ್ರಗಾರನೊಬ್ಬನು ಮೂರನೆಯ ಸಲ ಬರೆದನು. ಈಗ ಇರುವುದು ಟಿಪ್ಪುವಿನ ಚಿತ್ರವೆ? ನೈಯಾಯಿಕನನ್ನು ಕೇಳಿದರೆ ಅವಯವಗಳು ಬೇರೆಯಾದ ಮೇಲೆ ಅವಯವಿಯೂ ಬೇರೆಯೇ ಎಂದಾನು. ದೀಪದ ಜ್ವಾಲೆಯನ್ನು ‘ಅದೇ ಇದು’ ಎಂದು ಗುರುತಿಸುವಂತೆ ನಮ್ಮ ಗುರುತು ಭ್ರಾಂತಿಯೆಂದಾನು. ತರ್ಕದ ಮಟ್ಟಿಗೆ ಅವನ ಮಾತನ್ನು ಒಪ್ಪೋಣ. ಆದರೆ ಗೆದ್ದವನು ತನ್ನ ಸೋಲನ್ನು ಅಳಿಸದೆ ಬರೆಯಿಸಿದನೆಂಬ ಸಂಗತಿಯು ಬಣ್ಣಕ್ಕಿಂತ ಗಟ್ಟಿಯಾಗಿ ಆ ಗೋಡೆಗೆ ಅಂಟಿಕೊಂಡಿದೆ. ಅವನ ಉಳಿದ ಕೆಲಸಗಳನ್ನು ನಾನು ಹೊಗಳುವವನಲ್ಲ. ಈ ಒಂದನ್ನು ಹೊಗಳದೆ ಇರಲಾರೆ. ರಂಗನಾಥನ ಗುಡಿಯಲ್ಲಿದ್ದ ಬೆಳ್ಳಿಯ ಬಟ್ಟಲುಗಳ ಮೇಲೆ ಟಿಪ್ಪು ಸುಲ್ತಾನನ ಹೆಸರು ಕೆತ್ತಿರುವುದನ್ನು ಮೈಸೂರಿನ ಪುರಾತತ್ವ ಇಲಾಖೆಯವರು ಓದಿ ಪ್ರಕಟಿಸಿದ್ದುಂಟು. ಶಿರಾದ ಕುಟುಂಬಗಳನ್ನು ಎಬ್ಬಿಸಿದ ಕೈಯೇ ಅವನ್ನು ದೇವರಿಗೆ ಒಪ್ಪಿಸಿತು. ಎರಡನ್ನೂ ಹೇಳುವುದು ಕಷ್ಟ. ಒಂದನ್ನೇ ಹೇಳಿದರೆ ಸುಳ್ಳಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಋಣವು ತೀರುವುದು ಹೀಗೆ ಪೂರ್ತಿಯಾಗಿ ಹೇಳುವುದರಿಂದಲೇ. ಗುಡಿಯ ವೈಭವವನ್ನು ವರ್ಣಿಸುವ ಬಾಯಿಂದಲೇ ಕಳಸವಾಡಿಯ ಹೆಸರೂ ಹೊರಡಬೇಕು. ಇದರಿಂದ ಆರಿದ ಕೆಂಡವನ್ನು ಊದಿದಂತಾಗುವುದಿಲ್ಲವೆ, ಮರೆವೇ ಕ್ಷಮೆಯಲ್ಲವೆ ಎಂದು ಆಪ್ತರಾದ ಪಂಡಿತರೊಬ್ಬರು ನನ್ನನ್ನು ಆಕ್ಷೇಪಿಸಿದ್ದುಂಟು. ಅವರಲ್ಲಿ ನನಗೆ ಗೌರವವಿದೆ, ಮಾತನ್ನು ಒಪ್ಪಲಾರೆ. ಮರೆತವನು ಏನನ್ನು ಕ್ಷಮಿಸಿದಂತಾಯಿತು? ಜಗಳಗಳು ಹೊತ್ತಿಕೊಳ್ಳುವುದು ಪೂರ್ತಿ ಕಥೆಯಿಂದಲ್ಲ, ಅರ್ಧಕ್ಕೆ ಹರಿದ ಕಥೆಯಿಂದ ಎಂಬುದನ್ನು ನಾವು ನಮ್ಮ ಕಾಲದಲ್ಲಿಯೇ ಬೇಕಾದಷ್ಟು ಕಂಡಿದ್ದೇವೆ. ಆನೆಬಾಗಿಲಿನ ಹುಡುಗನಿಗೂ ನಾನು ಹೇಳಿದ್ದು ಇಷ್ಟೆ: “ಮೊದಲು ಎಲ್ಲರ ಹೆಸರನ್ನೂ ಬರೆದುಕೊಳ್ಳಪ್ಪ, ಕಡೆ ಯಾವುದೆಂದು ಆಮೇಲೆ ನೋಡೋಣ.” ಅವನು ಬರೆದುಕೊಂಡನು.

೨೦೧೭ರಲ್ಲಿ ಇಲ್ಲಿ ಒಂದು ವಿಶೇಷ ನಡೆಯಿತು. ಬೆಂಗಳೂರು ಮೈಸೂರುಗಳ ನಡುವೆ ಎರಡನೆಯ ರೈಲುಹಳಿಯನ್ನು ಹಾಕುವಾಗ, ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದು ದಾರಿಗೆ ಅಡ್ಡವಾಗಿತ್ತು. ಅದನ್ನು ಕೆಡವದೆ, ಇಡಿಯ ಕಟ್ಟಡವನ್ನೇ ಯಂತ್ರಗಳಿಂದ ಎತ್ತಿ, ನೂರು ಮೀಟರಿನಷ್ಟು ದೂರಕ್ಕೆ ಸರಿಸಿ ನಿಲ್ಲಿಸಿದರು. ಈ ದ್ವೀಪದಲ್ಲಿ ಕಲ್ಲು ಸ್ಥಳ ಬದಲಾಯಿಸಿದ್ದು ಹೊಸತೇನಲ್ಲ. ಕಲ್ಲಿನ ಹಿತಕ್ಕಾಗಿಯೇ ಬದಲಾಯಿಸಿದ್ದು ಹೊಸತು. ಗಾಯಗೊಂಡ ಹಸುವನ್ನು ನಾಲ್ಕು ಜನ ಎತ್ತಿ ನೆರಳಿಗೆ ತರುವಂತೆ ತಂದರೆಂದು ಕೇಳಿದಾಗ ನನಗೆ ಸಂತೋಷವಾಯಿತು. ಅದರ ಹಳೆಯ ನೆಲೆ ಎಲ್ಲಿತ್ತೆಂಬುದನ್ನೂ ಅಲ್ಲಿ ಗುರುತುಮಾಡಿ ತೋರಿಸುತ್ತಿದ್ದರೆ ಸಂತೋಷವು ಪೂರ್ಣವಾಗುತ್ತದೆ.

ರಾಜರ ವಿಷಯವನ್ನು ನಿರ್ಣಯಿಸುವುದು ಸುಲಭ, ಅವರು ಉತ್ತರ ಕೊಡುವುದಿಲ್ಲ. ಬಡವನ ವಿಷಯವೇ ಕಠಿನ. ದ್ವೀಪದಾಚೆಯ ಹಳ್ಳಿಯಲ್ಲಿ ನನಗೆ ಪರಿಚಿತನಾದ ಬೇಸಾಯಗಾರನೊಬ್ಬನ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿತ್ತು. ಅದನ್ನು ಒಮ್ಮೆ ಎತ್ತಿ ತೊಳೆದಾಗ ಅಡಿಯಲ್ಲಿ ಬಳ್ಳಿಯ ಕೆತ್ತನೆ ಕಂಡಿತು. “ಮೇಷ್ಟ್ರೇ, ಇದು ದೇವರ ಕಲ್ಲು ಇರಬಹುದು. ಯಾರಿಗೆ ಕೊಡಲಿ? ಕೊಟ್ಟರೆ ನಮ್ಮ ಹೆಣ್ಣುಮಕ್ಕಳು ಬಟ್ಟೆ ಎಲ್ಲಿ ಒಗೆಯಬೇಕು?” ಎಂದು ಕೇಳಿದನು. ಎರಡು ಪ್ರಶ್ನೆಗಳೂ ಸಮಾನವಾಗಿ ನ್ಯಾಯವಾದುವು. ಭಿನ್ನವಾದ ಶಿಲಾಬಿಂಬವನ್ನು ಆಳವಾದ ನೀರಿಗೆ ಒಪ್ಪಿಸಬೇಕೆಂದು ಆಗಮಗಳು ಹೇಳುತ್ತವೆ. ಆದರೆ ಇದು ಬಿಂಬವಲ್ಲ, ಕಂಬದ ತುಂಡು. ನೀರಿಗೆ ಹಾಕಿದರೆ ಅದರ ಕಥೆಯೂ ಮುಳುಗುತ್ತದೆ. ಎಲ್ಲಿಯದೆಂದು ತಿಳಿಯದೆ ಮತ್ತೊಮ್ಮೆ ಸಾಗಿಸುವುದೂ ಸರಿಯೆನಿಸಲಿಲ್ಲ. ಮನೆಯ ಹಿರಿಯರನ್ನು ಕೇಳಿ ತಿಳಿದಷ್ಟನ್ನು ಬರೆದಿಡೆಂದೂ, ಪುರಾತತ್ವ ಇಲಾಖೆಯವರಿಗೆ ಒಂದು ಕಾಗದವನ್ನು ಹಾಕೆಂದೂ ಹೇಳಿದೆನು.

ಅವನ ತಾಯಿಗೆ ತೊಂಬತ್ತು ಸಮೀಪಿಸಿದೆ. ೧೯೨೪ರ ದೊಡ್ಡ ಪ್ರವಾಹ ಇಳಿದ ಮೇಲೆ ಹೊಳೆಯ ದಂಡೆಯಲ್ಲಿ ಸಿಕ್ಕಿದ ಕಲ್ಲನ್ನು ಮಾವನವರು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಬಂದರೆಂದು ಆಕೆಯ ಅತ್ತೆ ಹೇಳುತ್ತಿದ್ದರಂತೆ. ಮಗನು ಅದನ್ನು ಮನೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ, ತಾಯಿಯ ಹೆಸರಿನೊಡನೆ ಬರೆದಿಟ್ಟು, ಕಾಗದವನ್ನೂ ಹಾಕಿದ್ದಾನೆ. ಕಲ್ಲನ್ನು ಮಗುಚಿ, ಬಳ್ಳಿಯ ಮೈ ಮೇಲಾಗುವಂತೆ ತುಳಸಿಕಟ್ಟೆಯ ಪಕ್ಕದಲ್ಲಿ ಇಟ್ಟಿದ್ದಾರೆ. ಬಟ್ಟೆ ಒಗೆಯುವುದಕ್ಕೆ ಪೇಟೆಯಿಂದ ಕಡಪೆಯ ಚಪ್ಪಡಿಯೊಂದು ಬಂದಿದೆ.